ಆ ಮನೆಯ ಗೀಸರ್

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಆಳಲು ಒಂದು ಮನೆ ಸಾಲುವುದಿಲ್ಲ. ನನ್ನ ಪುಣ್ಯಕ್ಕೆ ಎರಡಿದ್ದವು. ಒಂದು ಶಿವಮೊಗ್ಗದ ಆಲ್ಕೊಳದಲ್ಲಿ, ನಾನೂ ನನ್ನ ಹೆಂಡತಿಯೂ ಇರುವುದು. ಇನ್ನೊಂದು ಭದ್ರಾವತಿಯಲ್ಲಿ, ಕಾಗದನಗರಕ್ಕೆ ಅಂಟಿಕೊಂಡ ಬಡಾವಣೆಯಲ್ಲಿ, ನನ್ನ ಅಕ್ಕ ಒಬ್ಬಳೇ ಇರುವುದು. ಎರಡನೆಯದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಮದುವೆಯ ಗೋಜಿಗೆ ಹೋಗದೆ, ಸಿಮೆಂಟಿನ ಮೇಲೆ ತಾನೇ ನೀರು ಚಿಮುಕಿಸುತ್ತಾ ಅಕ್ಕ ಕಟ್ಟಿಸಿದ ಮನೆ ಅದು. ಆದರೆ ಅದರ ದೀಪ, ಗೀಸರ್, ಮುಂಬಾಗಿಲ ಬೀಗ, ಇವುಗಳ ಆಡಳಿತ ಮಾತ್ರ ನನ್ನ ಫೋನಿನೊಳಗಿತ್ತು.

ಅಧಿಕಾರ ನನ್ನ ಕೈಗೆ ಬಂದದ್ದು ಹೀಗೆ. ಎರಡು ವರ್ಷದ ಕೆಳಗೆ ಅಕ್ಕ ಮೆಟ್ಟಿಲು ತಪ್ಪಿ ಮುಂಗೈ ಉಳುಕಿಸಿಕೊಂಡಳು. ನನಗೆ ತಿಳಿದದ್ದು ಮೂರನೆಯ ದಿನ, ಅದೂ ಅವಳು ಎಡಗೈಯಲ್ಲಿ ಬರೆದ ಒಂದು ಪತ್ರದಿಂದ. ಎಪ್ಪತ್ತು ದಾಟಿದವಳು ಹೀಗೆ ಒಬ್ಬಳೇ ಇರುವುದು ಸರಿಯಲ್ಲವೆಂದು ನಾನು ವರದಿ ಮಂಡಿಸಿದೆ. ನಮ್ಮ ಮನೆಗೆ ಬಾ ಎಂದೆ. ಅವಳು ಬರಲಿಲ್ಲ. ಕೊನೆಗೆ ದುರ್ಗಿಗುಡಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಫೋನಿನಿಂದ ನಡೆಸಬಹುದಾದ ಸಾಮಾನುಗಳ ಎರಡು ಜೊತೆ ತಂದೆ. ನಮಗೊಂದು, ಅವಳಿಗೊಂದು. ಅವಳಿಗೆ ಮಾತ್ರ ಹಾಕಿಸಿದರೆ ಕಾವಲು ಅನ್ನಿಸುತ್ತದೆ, ಇಬ್ಬರಿಗೂ ಹಾಕಿಸಿದರೆ ಯೋಜನೆ ಅನ್ನಿಸುತ್ತದೆ. ಸರ್ಕಾರಿ ನೌಕರಿ ಕಲಿಸಿದ ಪಾಠ.

ಅಕ್ಕ ಎರಡು ಷರತ್ತು ಹಾಕಿದಳು. ಮೊದಲನೆಯದು, ಕ್ಯಾಮೆರಾ ಕೂಡದು. "ನನ್ನ ಮನೇಲಿ ನನ್ನನ್ನ ನೋಡ್ತಾ ಕೂರೋ ಕಣ್ಣು ಬೇಡ." ಅದಕ್ಕೆ ಬದಲಾಗಿ ಹಾಲ್‌ನಲ್ಲೊಂದು, ಬಚ್ಚಲಿಗೆ ಹೋಗುವ ನಡೆಯಲ್ಲೊಂದು, ಓಡಾಟವನ್ನು ಗುರುತಿಸುವ ಬಿಳಿಯ ಗುಬಟು ಹಾಕಿಸಿದೆ. ಯಾರೋ ಓಡಾಡಿದರು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ, ಯಾರು ಎಂಬುದು ತಿಳಿಯುವುದಿಲ್ಲ. ಎರಡನೆಯದು, ಮುಂಬಾಗಿಲಿನ ಹಳೆಯ ಚಿಲಕವನ್ನು ಕೀಳಕೂಡದು. "ಅದು ನಿನ್ನ ಬೀಗ. ಇದು ನನ್ನ ಚಿಲಕ," ಎಂದಳು. ಕಡತದಲ್ಲಿ ಗುರುತು ಹಾಕಿಕೊಂಡು ನಾನು ಮುಂದುವರಿದೆ.

ಈ ಯಂತ್ರಗಳಿಗಿಂತ ಹಳೆಯದೊಂದು ಏರ್ಪಾಡು ನಮ್ಮಲ್ಲಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಅಕ್ಕ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ಎರಡು ರಿಂಗು, ಕಟ್. ಅದರ ಅರ್ಥ, ಬದುಕಿದ್ದೀನಿ, ತಲೆ ತಿನ್ನಬೇಡ. ಮುಂಗೈ ಉಳುಕಿದ ದಿನಗಳಲ್ಲೂ ಅದು ತಪ್ಪಿರಲಿಲ್ಲ, ಹಾಗಾಗಿಯೇ ನನಗೆ ಸುದ್ದಿ ತಿಳಿದಿರಲಿಲ್ಲ. ನಾನು ಎತ್ತುತ್ತಿರಲಿಲ್ಲ. ಎತ್ತುವುದು ಅನಾಗರಿಕ.

ಸಾಮಾನು ಜೋಡಿಸಿದ ದಿನ ಫೋನು ಕೇಳಿತು: ಈ ಮನೆಯ ಹೆಸರೇನು? ನಮ್ಮ ಕುಟುಂಬದಲ್ಲಿ ಮನೆಗಳಿಗೆ ಹೆಸರಿಲ್ಲ. 'ಆ ಮನೆಗೆ ಹೋಗಿದ್ಯಾ?', 'ಈ ಮನೇಲೇ ಊಟ ಮಾಡು', ಹೀಗೇ ಮಾತು. ನಾನು ಆಲ್ಕೊಳದ ಕುರ್ಚಿಯಲ್ಲಿ ಕೂತಿದ್ದೆ. ಆಲ್ಕೊಳಕ್ಕೆ 'ಈ ಮನೆ' ಎಂದು ಬರೆದೆ, ಭದ್ರಾವತಿಗೆ 'ಆ ಮನೆ' ಎಂದು ಬರೆದೆ. ಒಳಗಿನ ಸಾಮಾನುಗಳಿಗೆ ಎರಡೂ ಕಡೆ ಅವೇ ಹೆಸರು: ಹಾಲ್, ನಡೆ, ಅಡುಗೆಮನೆ, ಗೀಸರ್, ಮುಂಬಾಗಿಲು. ಏಕರೂಪ ಆಡಳಿತ. ಅಕ್ಕನ ಫೋನಿನಲ್ಲೂ ಅದನ್ನೇ ಹಾಕಿಕೊಟ್ಟು, ಹಿರಿಯಳೆಂಬ ಗೌರವಕ್ಕೆ ಅವಳಿಗೂ ಆಡಳಿತಾಧಿಕಾರಿಯ ಪಟ್ಟ ಕೊಟ್ಟೆ. ಅದು ಬರೀ ಮರ್ಯಾದೆಯ ಪಟ್ಟವೆಂದು ನಾನು ತಿಳಿದಿದ್ದೆ.

ಹೋದ ಬೇಸಿಗೆಯ ಒಂದು ಭಾನುವಾರ ಅಕ್ಕ ಫೋನ್ ಮಾಡಿ ಆಕ್ಷೇಪಣೆ ಸಲ್ಲಿಸಿದಳು.

"ಅಲ್ವೋ, ನಾನು ಕೂತಿರೋದು ನನ್ನ ಮನೇಲಿ. ನನ್ನ ಫೋನು ಅದನ್ನ 'ಆ ಮನೆ' ಅನ್ನತ್ತೆ. ಯಾರ ಪಾಲಿಗೆ ಆ ಮನೆ?"

"ನನ್ನ ಪಾಲಿಗೆ, ಅಕ್ಕ. ಬರೆದವನು ನಾನಲ್ವಾ."

"ಆ ಅನ್ನೋದು, ಈ ಅನ್ನೋದು ಹೆಸರಲ್ಲ ಕಣೋ. ಬೆರಳು ತೋರ್ಸೋದು. ಬೆರಳು ಯಾರ ಕೈಲಿದೆ ಅನ್ನೋದ್ರ ಮೇಲೆ ಅರ್ಥ ಹೋಗತ್ತೆ. ಎಂಟನೇ ಕ್ಲಾಸಲ್ಲಿ ನಿನಗೆ ಪಾಠ ಮಾಡಿದೋರು ಯಾರು?"

"ನೀನೇ."

"ಅದೇ ನೋಡು. ನನ್ನದೇ ತಪ್ಪು."

ವಿಷಯವನ್ನು ಪರಿಶೀಲಿಸಲಾಗುವುದು ಎಂದೆ. ಸೇವೆಯಲ್ಲಿದ್ದಾಗ ಹಾಗೆಂದ ಯಾವ ವಿಷಯವನ್ನೂ ನಾನು ಪರಿಶೀಲಿಸಿದ್ದಿಲ್ಲ. ಇದನ್ನೂ ಪರಿಶೀಲಿಸಲಿಲ್ಲ.

ಎರಡು ದಿನ ಕಳೆದು, ಮಂಗಳವಾರ. ಎಂಟಾಯಿತು. ಮಿಸ್ಡ್ ಕಾಲ್ ಬರಲಿಲ್ಲ. ಎಂಟೂಕಾಲಾಯಿತು. ನಾನು ಫೋನು ತೆಗೆದು 'ಆ ಮನೆ'ಯನ್ನು ಒತ್ತಿದೆ. ಮುಂಬಾಗಿಲು ಆರೂವರೆಗೆ ತೆರೆದಿದೆ: ಹಾಲು ತೆಗೆದುಕೊಂಡಿದ್ದಾಳೆ. ಅಡುಗೆಮನೆಯ ದೀಪ ಉರಿಯುತ್ತಿದೆ: ತಿಂಡಿ ನಡೆದಿದೆ. ಹಾಲ್‌ನಲ್ಲಿ ಓಡಾಟ, ಈಗ ತಾನೇ. ಅಕ್ಕ ಎದ್ದು ಓಡಾಡುತ್ತಿದ್ದಾಳೆ, ಫೋನ್ ಮಾಡುವುದನ್ನು ಮರೆತಿದ್ದಾಳೆ, ವಯಸ್ಸಾಯಿತು. ಸಮಾಧಾನದಿಂದ ಎದ್ದು ಹಾಲ್ ದಾಟಿ ಹೋಗಿ ಪೇಪರ್ ತಂದೆ. ಕೂತು ಫೋನು ನೋಡಿದರೆ ಹಾಲ್‌ನಲ್ಲಿ ಮತ್ತೆ ಓಡಾಟ. ಭಲೇ, ಈ ವಯಸ್ಸಿಗೂ ಚುರುಕು, ಎಂದುಕೊಂಡೆ.

ಒಂಬತ್ತೂ ಇಪ್ಪತ್ತರ ಸುಮಾರಿಗೆ ಇನ್ನೊಮ್ಮೆ ನೋಡಿದೆ. 'ಆ ಮನೆ'ಯ ಗೀಸರ್ ಅರ್ಧ ಗಂಟೆಯಿಂದ ಉರಿಯುತ್ತಿತ್ತು. ಆರಿಸಲು ಮರೆತಿದ್ದಾಳೆ. ಆಡಳಿತಾಧಿಕಾರಿಯ ಕರ್ತವ್ಯವೆಂದು ಅದನ್ನು ಆರಿಸಿದೆ.

ನಮ್ಮ ಬಚ್ಚಲಿನಿಂದ ಹೆಂಡತಿಯ ಕೂಗು ಕೇಳಿತು. "ರೀ! ಗೀಸರ್ ಯಾಕ್ರೀ ಆಫ್ ಮಾಡಿದ್ರಿ? ತಲೆಗೆ ಸೀಗೆಪುಡಿ ಹಚ್ಕೊಂಡು ಕೂತಿದ್ದೀನಿ!"

"ನಾನು ಮಾಡ್ಲಿಲ್ಲ ಮಾರಾಯ್ತಿ. ನಾನು ಮಾಡಿದ್ದು ಆ ಮನೇದು."

"ಆ ಮನೇದೋ ಯಾವ ಮನೇದೋ, ಇಲ್ಲಿ ಗೀಸರ್ ಲೈಟ್ ಹೋಯ್ತು!"

ನಾನು ಎದ್ದು ಬಚ್ಚಲ ಹೊರಗಿನ ಗೋಡೆಯ ಹತ್ತಿರ ಹೋದೆ. ಗೀಸರಿನ ಸ್ವಿಚ್ಚಿನ ಪುಟ್ಟ ಕೆಂಪು ದೀಪ ಆರಿತ್ತು. ಫೋನಿನಲ್ಲಿ 'ಆ ಮನೆ'ಯ ಗೀಸರನ್ನು ಹಾಕಿದೆ. ಕಣ್ಣೆದುರಿಗೆ ಕೆಂಪು ದೀಪ ಹೊತ್ತಿತು. ಆರಿಸಿದೆ. ಆರಿತು. ಹಾಕಿದೆ. ಹೊತ್ತಿತು.

ಆ ಕೆಂಪು ಚುಕ್ಕೆಯನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ. ಬೆಳಗಿನಿಂದ ನಾನು ನೋಡುತ್ತಿದ್ದದ್ದು ಆಲ್ಕೊಳವನ್ನು. ಹಾಲು ತೆಗೆದುಕೊಂಡದ್ದು ನನ್ನ ಹೆಂಡತಿ. ತಿಂಡಿ ನಮ್ಮದು. ಹಾಲ್‌ನಲ್ಲಿ ಚುರುಕಾಗಿ ಓಡಾಡಿದ್ದು ನಾನು. ನನ್ನನ್ನೇ ನೋಡಿ, ಅಕ್ಕ ಚೆನ್ನಾಗಿದ್ದಾಳೆಂದು ನಾನು ಪೇಪರ್ ಓದುತ್ತ ಕೂತಿದ್ದೆ.

'ಈ ಮನೆ'ಯನ್ನು ಒತ್ತಿದೆ. ಮುಂಬಾಗಿಲು: ನಿನ್ನೆ ಸಂಜೆಯಿಂದ ತೆರೆದಿಲ್ಲ. ಹಾಲ್: ಓಡಾಟವಿಲ್ಲ. ನಡೆ: ಕೊನೆಯ ಓಡಾಟ, ಐದೂ ಐವತ್ತು. ಗೀಸರ್: ಐದೂ ನಲವತ್ತೈದರಿಂದ ಉರಿಯುತ್ತಿದೆ.

ಐದೂ ನಲವತ್ತೈದಕ್ಕೆ ಗೀಸರ್ ಹಾಕಿ, ಐದೂ ಐವತ್ತಕ್ಕೆ ನಡೆಯನ್ನು ದಾಟಿದವಳು ಮತ್ತೆ ಹಿಂದಕ್ಕೆ ದಾಟಿರಲಿಲ್ಲ. ಮೂರೂವರೆ ಗಂಟೆ.

ಗೀಸರ್ ಆರಿಸಿದೆ. ಅವಳ ಫೋನಿಗೆ ಕರೆ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಅಷ್ಟರಲ್ಲಿ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದವಳು ನನ್ನ ಮುಖ ನೋಡಿ ಏನೂ ಕೇಳದೆ ಕಾರಿನ ಕೀ ತೆಗೆದುಕೊಂಡಳು. ಕಾರು ಓಡಿಸುವವಳು ಅವಳೇ. ನನಗೆ ಬರುವುದಿಲ್ಲ, ಎರಡು ಮನೆಯನ್ನು ಆಳುವವನಿಗೆ ಅದೊಂದು ಕಲಿಯಲು ಪುರಸೊತ್ತಾಗಿರಲಿಲ್ಲ.

ಆಲ್ಕೊಳ ಸರ್ಕಲ್ ದಾಟುವಾಗ ಅಕ್ಕನ ಪಕ್ಕದ ಮನೆಯವರಿಗೆ ಹೆಂಡತಿಯ ಫೋನಿನಿಂದ ಕರೆ ಮಾಡಿದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮನೆಮಾತು ತಮಿಳು, ಅಕ್ಕನಿಂದ ಕನ್ನಡ ಓದಲು ಕಲಿತವರು.

"ಟೀಚರಮ್ಮನಾ? ಇವತ್ತು ಕಾಣ್ಲೇ ಇಲ್ವಲ್ಲ ಸಾರ್. ಇರಿ, ನೋಡ್ತೀನಿ." ಚಪ್ಪಲಿಯ ಸದ್ದು, ಗೇಟಿನ ಸದ್ದು. ಆಮೇಲೆ ಅವರ ದನಿ ಸಣ್ಣದಾಯಿತು. "ಸಾರ್, ಹಾಲಿನ ಪ್ಯಾಕೆಟ್ ಗೇಟಲ್ಲೇ ನೇತಾಡ್ತಾ ಐತೆ. ಪೇಪರೂ ಹಂಗೇ ಬಿದ್ದೈತೆ."

"ಬಾಗಿಲ ಹತ್ರ ಹೋಗಿ. ನಾನು ಇಲ್ಲಿಂದ ಬೀಗ ತೆಗೀತೀನಿ."

ನನ್ನ ಫೋನಿನಲ್ಲಿ ಮುಂಬಾಗಿಲನ್ನು ಒತ್ತಿದೆ. ಅದು ಮರುಪ್ರಶ್ನೆ ಹಾಕಿತು: 'ಈ ಮನೆ'ಯ ಮುಂಬಾಗಿಲನ್ನು ತೆರೆಯಬೇಕೆ? ಕಾರಿನಲ್ಲಿ ಕೂತವನಿಗೆ ಯಾವುದು ಈ ಮನೆ, ಯಾವುದು ಆ ಮನೆ? ಕೆಂಪು ದೀಪವನ್ನು ನೆನಪಿಗೆ ತಂದುಕೊಂಡು, ಹೌದು ಎಂದು ಒತ್ತಿದೆ.

"ಕಿರ್ ಅಂತು ಸಾರ್!"

"ತಳ್ಳಿ."

"ತಳ್ಳಿದೆ ಸಾರ್. ಬರ್ತಿಲ್ಲ. ಒಳಗಡೆ ಚಿಲಕ ಐತೆ."

ನನ್ನ ಬೀಗ ತೆರೆದಿತ್ತು. ಅವಳ ಚಿಲಕ ತೆರೆದಿರಲಿಲ್ಲ.

ಹೆಂಡತಿ ಬಸ್ ಸ್ಟ್ಯಾಂಡಿನ ಬಳಿ ಹಾರ್ನ್ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ. "ಆ ಮಾತಾಡೋ ಡಬ್ಬಿ ಇದೆಯಲ್ರೀ ಅವರ ಹಾಲ್‌ನಲ್ಲಿ. ಅದ್ರಲ್ಲಿ ಕೂಗಿ."

ಹೌದು, ಅದೊಂದಿತ್ತು. ಸಾಮಾನುಗಳ ಜೊತೆಗೇ ಬಂದಿದ್ದ, ಹಾಡು ಹೇಳುವ, ಹವಾಮಾನ ಹೇಳುವ ಡಬ್ಬಿ. ನನ್ನ ಫೋನಿನಿಂದ ಅದರ ಮೂಲಕ ಆ ಮನೆಯೊಳಗೆ ಮಾತಾಡಬಹುದಿತ್ತು. ಹಾಗೆ ಬಳಸಕೂಡದೆಂದು ಅಕ್ಕ ಮೊದಲೇ ತಾಕೀತು ಮಾಡಿದ್ದಳು. ಒತ್ತಿದೆ. ಅವಳ ಮನೆಯ ನಿಶ್ಶಬ್ದ ನನ್ನ ಕಿವಿಯೊಳಗೆ ಬಂತು. ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತಿತ್ತು.

"ಅಕ್ಕಾ!"

ಏನೂ ಇಲ್ಲ. ಗಡಿಯಾರ.

"ಅಕ್ಕಾ!"

"...ಯಾರದು?"

ದನಿ ಎಲ್ಲೋ ಆಳದಿಂದ ಬಂದ ಹಾಗಿತ್ತು. ಹೆಂಡತಿಯ ಕಣ್ಣಿನಲ್ಲಿ ನೀರು ಬಂದದ್ದನ್ನು ಕಂಡೆ. ಸ್ಟೀರಿಂಗ್ ಹಿಡಿದ ಕೈ ಮಾತ್ರ ಅಲ್ಲಾಡಲಿಲ್ಲ.

"ನಾನು ಅಕ್ಕ."

"ಎಲ್ಲಿದ್ದೀಯೋ?"

"ತುಂಗಾ ಸೇತುವೆ ಮೇಲೆ."

"ಅಲ್ಲಿಂದ ಇಷ್ಟು ಜೋರಾಗಿ ಕೂಗಿದ್ಯಾ?"

ನಗಲು ನನಗೆ ಆಗಲಿಲ್ಲ. ಅವಳು ಬಿಟ್ಟು ಬಿಟ್ಟು ಹೇಳಿದಳು. ಬಚ್ಚಲ ಬಾಗಿಲಲ್ಲೇ ಜಾರಿದ್ದಾಳೆ. ಬಲಗಾಲು ಮಾತು ಕೇಳುತ್ತಿಲ್ಲ. ಫೋನು ಮಂಚದ ಮೇಲಿದೆ, ಎಂಟು ಗಂಟೆಯ ಕೆಲಸಕ್ಕೆ.

"ಹಾಲಿನವನು ಗೇಟು ಬಡಿದ. ಕೂಗಿದೆ. ಪೇಪರಿನವನು ಬಂದ. ಕೂಗಿದೆ. ನಿನ್ನ ಡಬ್ಬಿಗೂ ಕೂಗಿದೆ, ತಮ್ಮನ್ನ ಕರಿ ಅಂತ. ಇವತ್ತು ಮೋಡ ಇರತ್ತೆ ಅಂತು."

"ಬಾಗಿಲಿಗೆ ಚಿಲಕ ಹಾಕಿದ್ದೀಯ ಅಕ್ಕ. ಒಡೀಬೇಕಾಗತ್ತೆ."

"ಒಡೀಬೇಡ! ತೇಗದ ಬಾಗಿಲು." ಸ್ವಲ್ಪ ಹೊತ್ತು ಉಸಿರಷ್ಟೇ ಕೇಳಿಸಿತು. "ಹಿತ್ತಿಲ ಬಾಗಿಲಿಗೆ ಹೋಗಕ್ಕೆ ಹೇಳು. ಬೇಸಿಗೇಲಿ ಮರ ಕುಗ್ಗಿ ಸಂದಿ ಬಿಟ್ಟಿದೆ. ಸ್ಟೀಲ್ ಸ್ಕೇಲ್ ತೂರಿಸಿ ಕೊಂಡಿ ಮೇಲಕ್ಕೆತ್ತಬಹುದು."

"ನಿನಗೆ ಹೇಗೆ ಗೊತ್ತು?"

"ಹೋದ ತಿಂಗಳು ನಾನೇ ಹೊರಗೆ ಸಿಕ್ಕಾಕ್ಕೊಂಡಿದ್ದೆ. ನಿನಗೆ ಹೇಳಿದ್ರೆ ಅದಕ್ಕೂ ಒಂದು ಯಂತ್ರ ತರ್ತಿದ್ದೆ."

ಹೀಗೆ ಒಂದು ಕಿವಿಯಲ್ಲಿ ಅಕ್ಕ, ಇನ್ನೊಂದರಲ್ಲಿ ಫಿಟ್ಟರ್. ನಡುವೆ ನಾನು, ಕಚೇರಿಯಲ್ಲಿದ್ದ ಹಾಗೆಯೇ, ಮೇಲಿನವರ ಆದೇಶವನ್ನು ಕೆಳಗೆ ದಾಟಿಸುವ ಗುಮಾಸ್ತ.

"ಕೊಂಡಿ ಎತ್ತರಕ್ಕೆ ಸ್ಕೇಲ್ ಹಾಕಕ್ಕೆ ಹೇಳು, ಹಿಡಿಯಿಂದ ಎರಡು ಬೆರಳು ಮೇಲೆ."

"ಹಿಡಿಯಿಂದ ಎರಡು ಬೆರಳು ಮೇಲೆ ಅಂತೆ."

"ಸ್ಕೇಲ್ ಇಲ್ಲ ಸಾರ್. ಹ್ಯಾಕ್ಸಾ ಬ್ಲೇಡ್ ತಂದಿದ್ದೀನಿ."

"ಬ್ಲೇಡ್ ಅಂತೆ ಅಕ್ಕ."

"ಬಾಗಿಲು ಗೀರಬೇಡಿ ಅನ್ನು," ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ಬೇಗ ಬಾರೋ. ಚಳಿ ಆಗ್ತಿದೆ."

ಬೇಸಿಗೆಯಲ್ಲಿ, ಭದ್ರಾವತಿಯಲ್ಲಿ, ಚಳಿ. ನಾನು ಬಾಯಿ ತೆರೆಯುವಷ್ಟರಲ್ಲಿ ಡಬ್ಬಿಯ ಸಂಪರ್ಕ ಕಡಿಯಿತು. ಮಾಚೇನಹಳ್ಳಿ ಬಂದಿತ್ತು. ಫಿಟ್ಟರ್ ಫೋನನ್ನು ಕೆಳಗಿಟ್ಟು ಎರಡೂ ಕೈ ಹಾಕಿದ್ದರೆಂದು ಕಾಣುತ್ತದೆ, ಲೋಹ ಮರಕ್ಕೆ ಉಜ್ಜುವ ಸದ್ದಷ್ಟೇ ಅಲ್ಲಿಂದ ಬರುತ್ತಿತ್ತು. ನಂತರ ಅದೂ ನಿಂತಿತು. ಫೋನಿನಲ್ಲಿ ಡಬ್ಬಿಯನ್ನು ಮತ್ತೆ ಮತ್ತೆ ಒತ್ತಿದೆ. ಹೆಂಡತಿ ಮುಂದಿನ ಲಾರಿಯನ್ನು ಹಿಂದೆ ಹಾಕಲು ನೋಡಿ, ಎದುರಿನಿಂದ ಬಸ್ಸು ಬಂದು, ಮತ್ತೆ ಹಿಂದೆ ಸರಿದಳು.

"ಏನಾದ್ರೂ ಕೇಳ್ತಿದ್ಯಾ?"

"ಇಲ್ಲ."

ಫೋನಿನ ಮೇಲೆ ಒಂದು ಸಾಲು ಮೂಡಿತು. 'ಈ ಮನೆ. ನಡೆ. ಓಡಾಟ ಕಂಡಿದೆ.'

ಬೆಳಿಗ್ಗೆ ಇಂಥದೇ ಸಾಲನ್ನು ಓದಿ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಈಗ ಅದನ್ನು ನಂಬುವ ಧೈರ್ಯವಾಗಲಿಲ್ಲ. ಯಾರ ಓಡಾಟ, ಯಾವ ಮನೆಯ ನಡೆ? ಆಲ್ಕೊಳದ ಮನೆಯಲ್ಲಿ ಯಾರೂ ಇಲ್ಲ ಎಂದು ಮನಸ್ಸಿಗೆ ಗೊತ್ತಿತ್ತು. ಆದರೂ ಹೆಂಡತಿಗೆ ಹೇಳದೆ ಆ ಸಾಲನ್ನು ಹಿಡಿದುಕೊಂಡು ಕೂತೆ. ಮನುಷ್ಯನ ದನಿ ಕೇಳುವವರೆಗೆ.

"ಸಾರ್, ಒಳಗೆ ಬಂದೆ. ಟೀಚರಮ್ಮ ಇದ್ದಾರೆ. ಕಂಬಳಿ ಹೊದಿಸಿದ್ದೀನಿ. ನಂ ಮನೆಯವಳು ಆಂಬುಲೆನ್ಸ್‌ಗೆ ಫೋನ್ ಮಾಡ್ತಾ ಇದ್ದಾಳೆ."

ಹಿಂದಿನಿಂದ ಅಕ್ಕನ ದನಿ: "ಆಂಬುಲೆನ್ಸ್ ಬರೋವರೆಗೂ ಎತ್ತಬೇಡಿ. ನೀವಿಬ್ಬರೂ ಸೇರಿ ನನ್ನ ಇನ್ನೊಂದು ಕಾಲೂ ಮುರೀತೀರಿ."

ನಾವು ತಲುಪಿದಾಗ ಅವಳನ್ನು ಸ್ಟ್ರೆಚರಿನಲ್ಲಿ ಹೊರಗೆ ತರುತ್ತಿದ್ದರು. ಮುಖ ಬಿಳಿಚಿತ್ತು. ನನ್ನ ಕೈ ಹಿಡಿದುಕೊಂಡಳು; ಅವಳ ಬೆರಳುಗಳು ತಣ್ಣಗಿದ್ದವು.

"ಗೀಸರ್ ಆಫ್ ಮಾಡಿದ್ಯಾ?"

"ಮಾಡಿದೆ ಅಕ್ಕ."

"ಯಾವ ಮನೇದು?"

ಆ ಪ್ರಶ್ನೆಗೆ ಆ ಬೆಳಿಗ್ಗೆ ಎರಡು ಉತ್ತರಗಳಿದ್ದವು, ಎರಡರ ನಡುವೆ ಅವಳು ತಣ್ಣನೆಯ ನೆಲದ ಮೇಲೆ ಒಂದು ಗಂಟೆ ಹೆಚ್ಚಿಗೆ ಬಿದ್ದಿದ್ದಳು.

ಸೊಂಟದ ಕೀಲಿನ ಬಳಿ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂರನೆಯ ದಿನ ಅವಳು ದಿಂಬಿಗೆ ಒರಗಿ ಕೂತಾಗ ನಾನು ತನಿಖೆ ಆರಂಭಿಸಿದೆ.

"ಹೆಸರು ಬದಲಾಯಿಸಿದ್ದನ್ನ ನನಗೊಂದು ಮಾತು ಹೇಳ್ಬೇಕಿತ್ತು ಅಕ್ಕ."

"ಬದಲಾಯಿಸಲಿಲ್ಲ. ತಿದ್ದಿದೆ. ಸೋಮವಾರ ಸಂಜೆ ಕೂತು, ನನ್ನ ಮನೆಗೆ 'ಈ', ನಿನ್ನ ಮನೆಗೆ 'ಆ' ಅಂತ ತಿದ್ದಿದೆ. ನನ್ನ ಫೋನಲ್ಲಿ ತಿದ್ದಿದ್ರೆ ನಿನ್ನ ಫೋನಲ್ಲೂ ಬದಲಾಗತ್ತೆ ಅಂತ ನನಗೇನು ಗೊತ್ತು?"

"ನೀನು ಆಡಳಿತಾಧಿಕಾರಿ. ನೀನು ಬರೆದದ್ದೇ ಎಲ್ಲರಿಗೂ."

"ಅಷ್ಟು ದೊಡ್ಡ ಕೆಲಸ ಕೊಟ್ಟೋನು ಒಂದು ಮಾತು ಹೇಳ್ಬಾರದಾ?"

ಹೇಳಬೇಕಿತ್ತು. ನಾನು ಕಿಟಕಿಯ ಕಡೆ ನೋಡುತ್ತ ಉಳಿದದ್ದನ್ನೂ ಹೇಳಿದೆ. "ಎಂಟು ಗಂಟೆಗೆ ನಿನ್ನ ಮಿಸ್ಡ್ ಕಾಲ್ ಬರ್ಲಿಲ್ಲ. ಗೊತ್ತಾಯ್ತು ನನಗೆ. ಆದ್ರೆ ಫೋನಲ್ಲಿ ನೋಡಿದೆ, ನೀನು ಓಡಾಡ್ತಿದ್ದೆ."

"ಅದು ನೀನು."

"ಹೌದು."

ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಎಂಟು ಗಂಟೆಗೆ ನಾನು ಯೋಚನೆ ಮಾಡ್ತಿದ್ದೆ ಕಣೋ," ಎಂದಳು. "ರಿಂಗ್ ಆಗ್ಲಿಲ್ಲ, ಇನ್ನೇನು ಹೊರಡ್ತಾನೆ, ಒಂಬತ್ತಕ್ಕೆ ಬರ್ತಾನೆ ಅಂತ. ಒಂಬತ್ತಾದ್ಮೇಲೆ ಸ್ವಲ್ಪ ಹೆದರಿಕೆ ಆಯ್ತು."

ಆ ವಾಕ್ಯವನ್ನು ನಾನು ಯಾವ ಕಡತದಲ್ಲೂ ಇಡಲಾರೆ.

ಎರಡು ತಿಂಗಳು ಅಕ್ಕ ಆಲ್ಕೊಳದಲ್ಲಿದ್ದಳು. ವಾಕರ್ ಹಿಡಿದು ಹಾಲ್‌ನಲ್ಲಿ ನಡೆದಳು. ಇನ್ನು ಇಲ್ಲೇ ಇರುತ್ತಾಳೆಂದು ನಾನೂ ನನ್ನ ಹೆಂಡತಿಯೂ ಒಳಗೊಳಗೇ ತೀರ್ಮಾನಿಸಿದ್ದೆವು. ಒಂದು ಬೆಳಿಗ್ಗೆ ಅವಳು ಸೀರೆಗಳನ್ನು ಮಡಿಸಿಟ್ಟುಕೊಂಡು ಕೂತಿದ್ದಳು.

"ಎಲ್ಲಿಗೆ?"

"ಮನೆಗೆ."

ಯಾವ ಮನೆಗೆ ಎಂದು ನಾನು ಕೇಳಲಿಲ್ಲ. ಈ ಎಲ್ಲದರಿಂದ ನಾನು ಕಲಿತದ್ದು ಅಷ್ಟಾದರೂ ಇರಬೇಕು. ಒಪ್ಪಂದ ಮಾತ್ರ ಆಯಿತು, ಕಾರಿನಲ್ಲೇ, ಭದ್ರಾವತಿ ತಲುಪುವುದರೊಳಗೆ. ಮುಂಬಾಗಿಲ ಚಿಲಕವನ್ನು ಅವಳು ಬಿಟ್ಟುಕೊಟ್ಟಳು. ಫಿಟ್ಟರೇ ಬಂದು ಬಿಚ್ಚಿದರು. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು. ಫೋನಿನಲ್ಲಿ ಅವಳೇ ಕೂತು ಹೆಸರು ಬರೆದಳು: 'ಆಲ್ಕೊಳ', 'ಭದ್ರಾವತಿ'. "ಊರಿಗೊಂದು ಹೆಸರಿರುವಾಗ ಬೆರಳು ತೋರ್ಸೋದು ಯಾಕೆ ಮಾರಾಯ," ಎಂದಳು. ನಾನು ಮಾತು ಕೊಟ್ಟದ್ದು ಒಂದೇ: ಎಂಟು ಗಂಟೆಯ ಕರೆ ಬರುವ ಮುಂಚೆ ನಾನು ಆ ಯಂತ್ರವನ್ನು ನೋಡುವುದಿಲ್ಲ, ಬರದಿದ್ದರೂ ನೋಡುವುದಿಲ್ಲ, ನೇರ ಹೊರಡುತ್ತೇನೆ.

ಮರುದಿನ ಬೆಳಿಗ್ಗೆ ಏಳೂವರೆಯಿಂದಲೇ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಕೂತೆ. ಹೆಂಡತಿ ಕಾರಿನ ಕೀಯನ್ನು ಅದರ ಪಕ್ಕದಲ್ಲೇ ಇಟ್ಟು ಹೋಗಿದ್ದಳು. ಎಂಟಾಯಿತು. ಎಂಟೂ ಒಂದಾಯಿತು. ಎಂಟೂ ಎರಡಕ್ಕೆ ನನ್ನ ಕೈ ಕೀಯ ಮೇಲಿತ್ತು. ಎಂಟೂ ಮೂರಕ್ಕೆ ಫೋನು ಒಂದು ರಿಂಗು ಆಗುವಷ್ಟರಲ್ಲಿ ಎತ್ತಿಬಿಟ್ಟೆ.

"ಅಕ್ಕಾ!"

ಆ ಕಡೆಯಿಂದ ಮೂವತ್ತು ವರ್ಷ ಹೈಸ್ಕೂಲು ಆಳಿದ ದನಿ ಕೇಳಿತು.

"ಎತ್ತಿದ್ರೆ ಅದು ಮಿಸ್ಡ್ ಕಾಲ್ ಹೇಗಾಗತ್ತೋ? ಇಡು. ಮತ್ತೆ ಮಾಡ್ತೀನಿ."

ಇಟ್ಟೆ. ಎರಡು ರಿಂಗು, ಕಟ್.